ಸಂಕೇತ ಪರಿವರ್ತನೆಯ ಪ್ರೋಗ್ರಾಮು ಮತ್ತು ಜಟಿಲತೆಯ ಅಳತೆ: ಒಂದು ವಿಮರ್ಶೆ

೧

ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಗಣಕದ ಪ್ರೋಗ್ರಾಮುಗಳ ಒಳರಚನೆಯ ಗೊಡವೆ ಏಕೆ ಎಂದು ಕೇಳುವವರುಂಟು. ಕಂಠವನ್ನು ಮಾಡಿದ ಕಮ್ಮಾರನನ್ನು ಅರಿಯದೆಯೂ ಓಲೆಗರಿಯನ್ನು ಓದಬಹುದಲ್ಲವೆ ಎಂಬುದು ಅವರ ವಾದ. ಪ್ರೋಗ್ರಾಮು ಬರೆಯುವ ಉಪಕರಣ ಮಾತ್ರವಾಗಿದ್ದರೆ ಈ ವಾದವನ್ನು ಒಪ್ಪಬಹುದಾಗಿತ್ತು. ಆದರೆ ಪ್ರಕೃತ ನಾವು ಪರಿಶೀಲಿಸಲಿರುವ ಬಗೆಯ ಪ್ರೋಗ್ರಾಮು ಕಂಠದ ಸ್ಥಾನದಲ್ಲಿ ನಿಲ್ಲುವುದಿಲ್ಲ. ಅದು ಲಿಪಿಕಾರನ ಸ್ಥಾನದಲ್ಲಿ ನಿಲ್ಲುತ್ತದೆ. ಒಂದು ಪ್ರತಿಯನ್ನು ನೋಡಿ ಇನ್ನೊಂದು ಪ್ರತಿಯನ್ನು ಮಾಡುವುದೇ ಅದರ ಕೆಲಸ. ಲಿಪಿಕಾರನು ಎಲ್ಲಿ ಅಕ್ಷರವನ್ನು ಬಿಡುತ್ತಾನೆ, ಎಲ್ಲಿ ಒತ್ತನ್ನು ಸ್ಥಳಾಂತರಿಸುತ್ತಾನೆ, ಯಾವ ರೂಪವನ್ನು ಯಾವುದೆಂದು ಭ್ರಮಿಸುತ್ತಾನೆ ಎಂಬುದನ್ನು ತಿಳಿಯದೆ ಗ್ರಂಥಸಂಪಾದನೆ ನಡೆಯದೆಂಬುದು ಸುವಿದಿತ. ಹೀಗಿರಲು, ನಮ್ಮ ಕಾಲದ ಲಿಪಿಕಾರನಾದ ಪ್ರೋಗ್ರಾಮಿನ ನಡೆಯನ್ನು ಪರೀಕ್ಷಿಸುವುದು ಇತಿಹಾಸಕಾರನ ಕರ್ತವ್ಯದ ಒಂದು ಭಾಗವೇ ಆಗುತ್ತದೆ.

ಮೈಸೂರಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ಪ್ರಸಕ್ತಿಯುಂಟು. ಬಿ. ಎಲ್. ರೈಸ್ ಅವರು ೧೮೮೬ರಿಂದ ೧೯೦೫ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ವೂ, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಇಲ್ಲಿಯ ಪ್ರಾಚ್ಯ ಪುಸ್ತಕ ಭಂಡಾರದ ಹಸ್ತಪ್ರತಿಯಿಂದ ಅಚ್ಚು ಮಾಡಿಸಿದ 'ಅರ್ಥಶಾಸ್ತ್ರ'ವೂ ನಕಲುಮಾಡುವ ಕೆಲಸದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಈ ಊರಿನ ಶ್ರೇಷ್ಠ ನಿದರ್ಶನಗಳಾಗಿವೆ. ೧೯೬೯ರಲ್ಲಿ ಭಾರತೀಯ ಭಾಷಾ ಸಂಸ್ಥಾನವು ಇಲ್ಲಿಯೇ ಸ್ಥಾಪಿತವಾಯಿತು. ಈಚಿನ ದಶಕಗಳಲ್ಲಿ ಕನ್ನಡದ ಸಂಶೋಧನ ಗ್ರಂಥಗಳು, ಶಾಸನಪಾಠಗಳು, ವಾರ್ಷಿಕ ಸಂಚಿಕೆಗಳು ಗಣಕದಲ್ಲಿಯೇ ಅಕ್ಷರಜೋಡಣೆಗೊಂಡಿವೆ. ಇವುಗಳಲ್ಲಿ ಬಹುಭಾಗವು ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರು ೧೯೯೮ರಲ್ಲಿ ಬಳಕೆಗೆ ತಂದ 'ಬರಹ' ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಉಳಿದುಕೊಂಡಿದೆ. ಇವನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ಹುಡುಕುವುದಾಗಲಿ, ಪದಸೂಚಿಯನ್ನು ಸಿದ್ಧಪಡಿಸುವುದಾಗಲಿ, ಒಂದು ಪಾಠವನ್ನು ಇನ್ನೊಂದರೊಡನೆ ಯಂತ್ರದಿಂದ ಹೋಲಿಸುವುದಾಗಲಿ ಸಾಧ್ಯವಾಗದು.

ಈ ಪರಿವರ್ತನೆಗಾಗಿ ಸಿದ್ಧವಾಗಿರುವ ಪ್ರೋಗ್ರಾಮುಗಳು ಹಲವು. ಅವುಗಳಲ್ಲಿ ಕಮಾಂಡ್ ಲೈನಿನಿಂದ ನಡೆಸುವ ಬಗೆಯವು ಸಂಶೋಧಕನಿಗೆ ಹೆಚ್ಚು ಅನುಕೂಲವಾದವು. ಅಲ್ಲಿ ಕಿಟಕಿಯಿಲ್ಲ, ಚಿತ್ರವಿಲ್ಲ. ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿದರೆ ನೂರು ಕಡತಗಳು ಒಂದೇ ನಿಯಮಕ್ಕೆ ಒಳಪಟ್ಟು ಪರಿವರ್ತನೆಗೊಳ್ಳುತ್ತವೆ. ಇವುಗಳಲ್ಲಿ ಯಾವುದೊಂದನ್ನು ಹೆಸರಿಸಿ ಗುಣದೋಷಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಇಂಥ ಪ್ರೋಗ್ರಾಮುಗಳಿಗೆಲ್ಲ ಸಮಾನವಾದ ರಚನೆಯನ್ನು ಮುಂದಿಟ್ಟುಕೊಂಡು, ಜಟಿಲತೆಯನ್ನು ಅಳೆಯಲು ಗಣಕಶಾಸ್ತ್ರಜ್ಞರು ಬಳಸುವ ಮಾನಗಳು ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಪ್ರಯತ್ನ.

೨

ಮೊದಲು ಕೆಲಸದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಹಳೆಯ ಫಾಂಟುಗಳು ಅಕ್ಷರಗಳಿಗೆ ಸಂಕೇತಗಳನ್ನು ಕೊಟ್ಟವುಗಳಲ್ಲ. ಅಚ್ಚಿನ ಮೊಳೆಗಳಂತೆ ಆಕಾರಗಳಿಗೆ ಸಂಕೇತಗಳನ್ನು ಕೊಟ್ಟವು. 'ನುಡಿ'ಯ ಹಳೆಯ ಫಾಂಟಿನಲ್ಲಿ 'ಕ'ಕಾರದ ಒಡಲು ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಸ್ಥಾನದಲ್ಲಿದೆ. ಅದರ ತಲೆಕಟ್ಟು ಬೇರೊಂದು ಸ್ಥಾನದಲ್ಲಿದೆ. 'ಕನ್ನಡ' ಎಂಬ ಪದವು ಅಲ್ಲಿ ಏಳು ಸಂಕೇತಗಳಾಗಿ ಶೇಖರವಾಗುತ್ತದೆ. ಯೂನಿಕೋಡಿನಲ್ಲಿ ಐದೇ ಸಂಕೇತಗಳು. 'ಮೈಸೂರು' ಎಂಬುದಕ್ಕೆ ಅಲ್ಲಿ ಹತ್ತು, ಇಲ್ಲಿ ಆರು.

ಸಂಖ್ಯೆಯ ವ್ಯತ್ಯಾಸ ದೊಡ್ಡ ತೊಡಕಲ್ಲ. ತೊಡಕಿರುವುದು ಆಕಾರಗಳ ಹಂಚಿಕೆಯಲ್ಲಿ. ಹಳೆಯ ಫಾಂಟಿನಲ್ಲಿ 'ಮ'ಕಾರಕ್ಕೆ ಸ್ವತಂತ್ರವಾದ ಒಡಲಿಲ್ಲ. 'ವ'ಕಾರದ ಒಡಲಿಗೆ ತಲೆಕಟ್ಟನ್ನೂ ಕೊಂಬನ್ನು ಹೋಲುವ ಒಂದು ಗುರುತನ್ನೂ ಸೇರಿಸಿ ಅದನ್ನು ಕಟ್ಟುತ್ತಾರೆ. 'ಯ'ಕಾರಕ್ಕೆ ನಾಲ್ಕು ಸಂಕೇತಗಳು ಬೇಕು. ಅವುಗಳಲ್ಲಿ ಮೊದಲನೆಯದು ಸೊನ್ನೆಯ, ಎಂದರೆ ಅನುಸ್ವಾರದ, ಸಂಕೇತವೇ. ಕಾಗದದ ಮೇಲೆ ಕಣ್ಣಿಗೆ ಇದರಿಂದ ಯಾವ ಬಾಧಕವೂ ಇಲ್ಲ. ಆದರೆ ಒಂದೊಂದೇ ಸಂಕೇತವನ್ನು ಓದುತ್ತ ಹೋಗುವ ಪ್ರೋಗ್ರಾಮು ಸೊನ್ನೆಯನ್ನು ಕಂಡಾಗ ಅದು ನಿಜವಾದ ಅನುಸ್ವಾರವೋ 'ಯ'ಕಾರದ ಆರಂಭವೋ ಎಂಬುದನ್ನು ಮುಂದೆ ನೋಡಿ ನಿರ್ಣಯಿಸಬೇಕು. ಮುಂದೆ ನೋಡದ ಪ್ರೋಗ್ರಾಮು 'ಮ'ಕಾರವನ್ನು 'ವ'ಕಾರವೆಂದು ಓದಿ ಮುಗಿಸಿಬಿಡುತ್ತದೆ.

ಇದಕ್ಕಿಂತ ಕಠಿನವಾದುದು ಕ್ರಮದ ಪ್ರಶ್ನೆ. ಹಳೆಯ ಫಾಂಟು ಬರೆಯುವ ಕ್ರಮವನ್ನು ಅನುಸರಿಸುತ್ತದೆ. ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. 'ಸ್ತ್ರೀ' ಎಂಬ ಒಂದಕ್ಷರವನ್ನು ತೆಗೆದುಕೊಳ್ಳೋಣ. ಹಳೆಯ ಕ್ರಮದಲ್ಲಿ ಮೊದಲು ಗುಡಿಸು ಸಹಿತವಾದ 'ಸಿ', ಬಳಿಕ 'ತ'ಕಾರದ ಒತ್ತು, ಬಳಿಕ 'ರ'ಕಾರದ ಒತ್ತು, ಕೊನೆಗೆ ದೀರ್ಘ. ಯೂನಿಕೋಡಿನಲ್ಲಿ ಮೂರು ವ್ಯಂಜನಗಳೂ ಮುಗಿದ ಮೇಲೆಯೇ ಸ್ವರ ಬರತಕ್ಕದ್ದು. ಆದುದರಿಂದ ಒತ್ತು ಬಂದಾಗಲೆಲ್ಲ ಪ್ರೋಗ್ರಾಮು ಹಿಂದೆ ಬರೆದ ಸ್ವರವನ್ನು ಕಿತ್ತು, ವ್ಯಂಜನವನ್ನು ಸೇರಿಸಿ, ಸ್ವರವನ್ನು ಮತ್ತೆ ನೆಡಬೇಕು. ಅರ್ಕಾವೊತ್ತಿನ ವಿಚಾರವಂತೂ ಇನ್ನೂ ವಿಲಕ್ಷಣವಾದುದು. 'ಕರ್ನಾಟಕ' ಎಂದು ಉಚ್ಚರಿಸುವಾಗ ರೇಫವು 'ನಾ'ಕ್ಕಿಂತ ಮೊದಲು. ಬರೆಯುವಾಗ 'ನಾ' ಮುಗಿದ ಮೇಲೆ. ಪ್ರೋಗ್ರಾಮು ಹಿಂದಕ್ಕೆ ಹೋಗಿ ರೇಫವನ್ನು ಅದರ ಸ್ಥಾನದಲ್ಲಿರಿಸಬೇಕು. ಎಷ್ಟು ಹಿಂದಕ್ಕೆ ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆ ನಾವು ಮುಂದೆ ಹಿಂದಿರುಗುತ್ತೇವೆ.

೩

ಇನ್ನು ಅಳತೆಯ ವಿಚಾರ. ಪ್ರೋಗ್ರಾಮಿನ ಜಟಿಲತೆಯನ್ನು ಒಂದು ಸಂಖ್ಯೆಯಾಗಿ ಹೇಳುವ ಪ್ರಯತ್ನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಥಾಮಸ್ ಜೆ. ಮೆಕೇಬ್ ಅವರು ೧೯೭೬ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧ. ಪ್ರೋಗ್ರಾಮಿನ ಹರಿವನ್ನು ಅವರು ಒಂದು ನಕ್ಷೆಯಾಗಿ ಕಲ್ಪಿಸಿದರು. ಕವಲೊಡೆಯುವ, ಕೂಡುವ ಸ್ಥಳಗಳು ಗಂಟುಗಳು. ಅವನ್ನು ಸೇರಿಸುವ ದಾರಿಗಳು ಎಳೆಗಳು. ಎಳೆಗಳ ಸಂಖ್ಯೆಯಿಂದ ಗಂಟುಗಳ ಸಂಖ್ಯೆಯನ್ನು ಕಳೆದು, ಬಿಡಿನಕ್ಷೆಗಳ ಸಂಖ್ಯೆಯ ಎರಡರಷ್ಟನ್ನು ಕೂಡಿಸಿದರೆ ಬರುವುದೇ ಸೈಕ್ಲೊಮ್ಯಾಟಿಕ್ ಸಂಖ್ಯೆ. ಒಂದೇ ಪ್ರವೇಶ, ಒಂದೇ ನಿರ್ಗಮನವುಳ್ಳ ಸಾಮಾನ್ಯ ಪ್ರೋಗ್ರಾಮಿನಲ್ಲಿ ಈ ಲೆಕ್ಕವು ಸುಲಭವಾಗಿ ಪರಿಣಮಿಸುತ್ತದೆ: 'ಹೀಗಿದ್ದರೆ ಹೀಗೆ' ಎಂಬ ನಿರ್ಣಯಗಳು ಎಷ್ಟಿವೆಯೋ ಎಣಿಸಿ ಒಂದನ್ನು ಕೂಡಿಸಿದರಾಯಿತು. ಹತ್ತನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳಬಹುದೆಂದು ಮೆಕೇಬ್ ಸೂಚಿಸಿದರು. ಹತ್ತರಲ್ಲಿ ಮಂತ್ರಶಕ್ತಿಯೇನೂ ಇಲ್ಲವೆಂಬುದನ್ನೂ ಅವರೇ ಒಪ್ಪಿಕೊಂಡಿದ್ದರು.

ಮರುವರ್ಷ, ೧೯೭೭ರಲ್ಲಿ, ಮಾರಿಸ್ ಹಾಲ್‌ಸ್ಟೆಡ್ ಅವರ ಗ್ರಂಥ ಬಂದಿತು. ಅವರು ದಾರಿಗಳನ್ನು ಬಿಟ್ಟು ಪದಗಳನ್ನು ಎಣಿಸಿದರು. ಪ್ರೋಗ್ರಾಮಿನಲ್ಲಿ ಬರುವ ಕ್ರಿಯಾಚಿಹ್ನೆಗಳೆಷ್ಟು, ಅವು ಯಾವ ವಸ್ತುಗಳ ಮೇಲೆ ನಡೆಯುತ್ತವೆಯೋ ಆ ವಸ್ತುಗಳೆಷ್ಟು, ಅವುಗಳಲ್ಲಿ ಬೇರೆಬೇರೆಯಾದವು ಎಷ್ಟು ಎಂಬುದರಿಂದ ಪ್ರೋಗ್ರಾಮಿನ ಗಾತ್ರವನ್ನು ಗಣಿಸುವ ಸೂತ್ರವನ್ನು ಕೊಟ್ಟರು. ೨೦೧೮ರಲ್ಲಿ ಜಿ. ಆನ್ ಕ್ಯಾಂಬೆಲ್ ಅವರು ಪ್ರಬಂಧರೂಪದಲ್ಲಿ ವಿವರಿಸಿದ ಮತ್ತೊಂದು ಮಾನವು ಓದುಗನ ಬುದ್ಧಿಗಾಗುವ ಶ್ರಮವನ್ನು ಲಕ್ಷಿಸುತ್ತದೆ. ನಿರ್ಣಯದೊಳಗೆ ನಿರ್ಣಯವನ್ನು ಹುದುಗಿಸಿದಂತೆಲ್ಲ ಅದು ಹೆಚ್ಚಿನ ಅಂಕವನ್ನು ಹಾಕುತ್ತದೆ. ಈಗ ಈ ಅಳತೆಗಳನ್ನು ಮಾಡುವುದಕ್ಕೂ ಕಮಾಂಡ್ ಲೈನಿನ ಉಪಕರಣಗಳು ಬಂದಿವೆ. ಪೈಥಾನ್ ಭಾಷೆಯ ಪ್ರೋಗ್ರಾಮುಗಳಿಗಾಗಿ ಇರುವ 'ರೇಡಾನ್' ಎಂಬುದು ಪರೀಕ್ಷಕನಂತೆ ದರ್ಜೆಯನ್ನೇ ಕೊಡುತ್ತದೆ: ಐದರವರೆಗೆ 'ಎ', ಹತ್ತರವರೆಗೆ 'ಬಿ', ನಲವತ್ತನ್ನು ದಾಟಿದರೆ 'ಎಫ್'.

ಮೆಕೇಬರ ಸಂಖ್ಯೆಯ ಬಲವನ್ನೂ ಮಿತಿಯನ್ನೂ ನಮ್ಮ ಛಂದಶ್ಶಾಸ್ತ್ರದ ಸಹಾಯದಿಂದ ಸುಲಭವಾಗಿ ಕಾಣಬಹುದು. ಮೂರಕ್ಷರಗಳ ಒಂದು ಗಣದಲ್ಲಿ ಪ್ರತಿಯೊಂದು ಸ್ಥಾನವೂ ಲಘುವಾಗಿರಬಹುದು ಅಥವಾ ಗುರುವಾಗಿರಬಹುದು. ಪ್ರಸ್ತಾರ ಹಾಕಿದರೆ ಮ, ನ, ಭ, ಯ, ಜ, ರ, ಸ, ತ ಎಂಬ ಎಂಟು ಗಣಗಳು ದೊರೆಯುತ್ತವೆ. ಅಂತೆಯೇ ಒಂದಾದಮೇಲೊಂದರಂತೆ ಮೂರು ನಿರ್ಣಯಗಳಿರುವ ಪ್ರೋಗ್ರಾಮಿನಲ್ಲಿ ಹಾದುಹೋಗುವ ದಾರಿಗಳು ಎಂಟು. ಮೆಕೇಬರ ಸಂಖ್ಯೆ ಮಾತ್ರ ನಾಲ್ಕು. ಏಕೆಂದರೆ ಯಾವ ದಾರಿಗಳನ್ನು ಕೂಡಿ ಕಳೆದು ಉಳಿದ ದಾರಿಗಳನ್ನು ಪಡೆಯಬಹುದೋ ಅಂಥ ಮೂಲದಾರಿಗಳನ್ನು ಮಾತ್ರ ಅದು ಎಣಿಸುತ್ತದೆ. ಮೂರು ನಿರ್ಣಯಗಳನ್ನು ಒಂದರೊಳಗೊಂದು ಹುದುಗಿಸಿದರೆ ದಾರಿಗಳು ನಾಲ್ಕಕ್ಕಿಳಿಯುತ್ತವೆ. ಮೆಕೇಬರ ಸಂಖ್ಯೆ ಆಗಲೂ ನಾಲ್ಕೇ. ಕ್ಯಾಂಬೆಲ್ ಅವರ ಮಾನವಾದರೋ ಮೊದಲನೆಯದಕ್ಕೆ ಮೂರನ್ನೂ ಎರಡನೆಯದಕ್ಕೆ ಆರನ್ನೂ ಕೊಡುತ್ತದೆ. ಒಂದೇ ವಸ್ತುವನ್ನು ಅಳೆಯುತ್ತೇವೆಂದು ಹೇಳುವ ಎರಡು ಮಾನಗಳು ಹೀಗೆ ಬೇರೆಬೇರೆ ಉತ್ತರ ಕೊಡುವುದರಿಂದ, 'ಜಟಿಲತೆ' ಎಂಬ ಒಂದು ಮಾತಿನ ಕೆಳಗೆ ಹಲವು ಸಂಗತಿಗಳು ಅಡಗಿವೆಯೆಂಬುದು ಸ್ಪಷ್ಟವಾಗುತ್ತದೆ. ಪರೀಕ್ಷಿಸುವವನಿಗೆ ಎಷ್ಟು ಉದಾಹರಣೆಗಳು ಬೇಕೆಂಬುದು ಒಂದು ಪ್ರಶ್ನೆ. ಓದುವವನಿಗೆ ಎಷ್ಟು ಶ್ರಮವೆಂಬುದು ಬೇರೊಂದು ಪ್ರಶ್ನೆ.

೪

ಈಗ ಈ ಮಾನಗಳನ್ನು ನಮ್ಮ ಪ್ರೋಗ್ರಾಮಿಗೆ ಹಚ್ಚಿ ನೋಡೋಣ. ಅನನುಭವಿಯಾದವನು ಬರೆಯುವ ಮೊದಲ ರೂಪವು ಸಾಮಾನ್ಯವಾಗಿ ಏಣಿಯಂತಿರುತ್ತದೆ: ಈ ಸಂಕೇತಗುಚ್ಛ ಬಂದರೆ 'ಕ', ಇದು ಬಂದರೆ 'ಕಾ', ಇದು ಬಂದರೆ 'ಕಿ' ಎಂದು ಮುಂದುವರಿಯುತ್ತದೆ. ನೂರು ಗುಚ್ಛಗಳಿದ್ದರೆ ನೂರು ನಿರ್ಣಯಗಳು, ಮೆಕೇಬರ ಸಂಖ್ಯೆ ನೂರೊಂದು, ದರ್ಜೆ 'ಎಫ್'. ಬಲ್ಲವನು ಇದನ್ನೇ ಕೋಷ್ಟಕವಾಗಿ ಬರೆಯುತ್ತಾನೆ. ಎಡಗಡೆ ಹಳೆಯ ಗುಚ್ಛ, ಬಲಗಡೆ ಯೂನಿಕೋಡು. ಪ್ರೋಗ್ರಾಮು ಪಠ್ಯದಲ್ಲಿ ಮುಂದೆ ಸಾಗುತ್ತ ಪ್ರತಿ ಸ್ಥಾನದಲ್ಲಿಯೂ ಮೊದಲು ನಾಲ್ಕು ಸಂಕೇತಗಳ ಗುಚ್ಛವನ್ನೂ, ಅದು ದೊರೆಯದಿದ್ದರೆ ಮೂರರದನ್ನೂ, ಎರಡರದನ್ನೂ, ಒಂದರದನ್ನೂ ಕೋಷ್ಟಕದಲ್ಲಿ ಹುಡುಕುತ್ತದೆ. ದೊಡ್ಡದನ್ನು ಮೊದಲು ಹುಡುಕುವುದರಿಂದಲೇ 'ಮ'ಕಾರವು 'ವ'ಕಾರವಾಗದೆ ಉಳಿಯುತ್ತದೆ. ಇಲ್ಲಿ ಎರಡು ಆವರ್ತನಗಳು, ಒಂದು ನಿರ್ಣಯ, ಸಂಖ್ಯೆ ನಾಲ್ಕು, ದರ್ಜೆ 'ಎ'.

ನೂರೊಂದು ನಾಲ್ಕಾಯಿತು. ಜಟಿಲತೆಯು ಇಪ್ಪತ್ತೈದರಲ್ಲೊಂದು ಭಾಗಕ್ಕೆ ಇಳಿಯಿತೆಂದು ಹೇಳಬಹುದೇ? ಹೇಳಲಾಗದು. ಕೋಷ್ಟಕದಲ್ಲಿ ನೂರು ಸಾಲುಗಳು ಹಾಗೆಯೇ ಇವೆ. ಒಂದು ಸಾಲು ತಪ್ಪಾದರೆ ಪರಿಣಾಮವೂ ಹಿಂದಿನಂತೆಯೇ ತಪ್ಪಾಗುತ್ತದೆ. ಮೆಕೇಬರ ಎಣಿಕೆಯು ಕೋಷ್ಟಕವನ್ನು ನೋಡುವುದೇ ಇಲ್ಲವಾದ್ದರಿಂದ ಅಷ್ಟು ದೊಡ್ಡ ಇಳಿಕೆ ಕಾಣುತ್ತದೆ. ಇಲ್ಲಿ ಮೆಕೇಬರಿಗೆ ನ್ಯಾಯವನ್ನು ಸಲ್ಲಿಸಬೇಕು: ಅನೇಕ ಸ್ವತಂತ್ರ ಪ್ರಸಂಗಗಳನ್ನು ಸಾಲಾಗಿ ಆಯ್ಕೆಮಾಡುವ ರಚನೆಗೆ ಹತ್ತರ ಮಿತಿ ಹೊಂದದೆಂದು ಅವರ ಪ್ರಬಂಧದಲ್ಲಿಯೇ ವಿನಾಯಿತಿ ಇದೆ. ಆ ವಿನಾಯಿತಿಯನ್ನು ಮರೆತು ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡವರು ಅನಂತರದವರು.

ಹಾಗಾದರೆ ಕೋಷ್ಟಕದಿಂದ ಪ್ರಯೋಜನವೇ ಇಲ್ಲವೆ? ಇದೆ, ಆದರೆ ಅದು ಸಂಖ್ಯೆಯು ತೋರಿಸುವ ಕಡೆಯಲ್ಲಿಲ್ಲ. ಏಣಿಯ ರೂಪದಲ್ಲಿರುವ ಪ್ರೋಗ್ರಾಮನ್ನು ಪ್ರೋಗ್ರಾಮುಗಾರನಲ್ಲದೆ ಬೇರಾರೂ ಓದಲಾರರು. ಕೋಷ್ಟಕವನ್ನು ಲಿಪಿಯನ್ನು ಬಲ್ಲ ಯಾವ ಕನ್ನಡ ವಿದ್ವಾಂಸನಾದರೂ ಓದಿ ತಿದ್ದಬಲ್ಲನು. ಪರಿಶೀಲಿಸುವ ಅಧಿಕಾರವು ಒಬ್ಬನ ಕೈಯಿಂದ ಹಲವರ ಕೈಗೆ ಬಂದಿತು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಸಂಪಾದಕನ ಮನಸ್ಸಿನಲ್ಲಿ ಉಳಿಸದೆ ಅಡಿಟಿಪ್ಪಣಿಯಲ್ಲಿ ಇಡುವುದರಿಂದ ಆಗುವ ಲಾಭವೇ ಇಲ್ಲಿಯೂ ಆಗಿರುವುದು.

ಸಂಖ್ಯೆಯನ್ನು ಇಳಿಸುವ ಇನ್ನೊಂದು ಉಪಾಯವು ಪ್ರಚಾರದಲ್ಲಿದೆ. ದೊಡ್ಡ ಕಾರ್ಯವನ್ನು ತುಂಡುಗಳಾಗಿ ಕತ್ತರಿಸಿ ಒಂದೊಂದಕ್ಕೂ ಹೆಸರಿಡುವುದು. ಹನ್ನೊಂದು ನಿರ್ಣಯಗಳಿರುವ ಒಂದು ಕಾರ್ಯದ ಸಂಖ್ಯೆ ಹನ್ನೆರಡು, ಮಿತಿಯನ್ನು ದಾಟಿತು. ಅದನ್ನು ನಾಲ್ಕು, ನಾಲ್ಕು, ಮೂರು ನಿರ್ಣಯಗಳ ತುಂಡುಗಳಾಗಿ ಒಡೆದರೆ ಸಂಖ್ಯೆಗಳು ಐದು, ಐದು, ನಾಲ್ಕು. ಎಲ್ಲವೂ 'ಎ' ದರ್ಜೆ. ಆದರೆ ಮೆಕೇಬರ ಸೂತ್ರದಂತೆಯೇ ಒಟ್ಟನ್ನು ಕೂಡಿದರೆ ಹದಿನಾಲ್ಕು! ಭಾಗಗಳು ಸರಳವಾದುವು, ಒಟ್ಟು ಹೆಚ್ಚಿತು. ತುಂಡಿಗೆ ಇಟ್ಟ ಹೆಸರು ಅರ್ಥವತ್ತಾಗಿದ್ದು, ಒಳಗೆ ನೋಡದೆಯೇ ಅದನ್ನು ನಂಬಬಹುದಾದರೆ ಕತ್ತರಿಸಿದ್ದು ಸಾರ್ಥಕ. ಇಲ್ಲವಾದರೆ ದೀರ್ಘವಾದ ಒಂದು ವಾಕ್ಯವನ್ನು ಅಲ್ಲಲ್ಲಿ ಪೂರ್ಣವಿರಾಮ ಹಾಕಿ ಮುರಿದಂತಾಗುತ್ತದೆ. ಓದುವವನು ಮತ್ತೆ ಜೋಡಿಸಿಕೊಂಡೇ ಅರ್ಥಮಾಡಿಕೊಳ್ಳಬೇಕು.

೫

ಅಳತೆಯ ನಿಜವಾದ ಪರೀಕ್ಷೆ ಅರ್ಕಾವೊತ್ತಿನಲ್ಲಿ ಆಗುತ್ತದೆ. ಅರ್ಕಾವೊತ್ತು ಬಂದಾಗ ಮಾಡತಕ್ಕ ಕೆಲಸವನ್ನು ಅವಸರದಲ್ಲಿ ಬರೆದವನು ಹೀಗೆ ಯೋಚಿಸುತ್ತಾನೆ: ಹಿಂದೆ ಸ್ವರಚಿಹ್ನೆಯಿದ್ದರೆ ಅದನ್ನು ದಾಟು; ವ್ಯಂಜನವೇ ಇಲ್ಲದಿದ್ದರೆ ದೋಷವೆಂದು ಹೇಳು; ಇದ್ದರೆ ಅದರ ಮುಂದೆ ರೇಫವನ್ನು ಇರಿಸು. ಎರಡು ನಿರ್ಣಯಗಳು, ಸಂಖ್ಯೆ ಮೂರು. 'ಕರ್ನಾಟಕ' ಸರಿಯಾಗಿ ಬರುತ್ತದೆ. 'ಮೂರ್ತಿ', 'ಧರ್ಮ', 'ಸೂರ್ಯ' ಎಲ್ಲವೂ ಸರಿ. ಆದರೆ 'ಸಾಮರ್ಥ್ಯ' ಎಂಬಲ್ಲಿ ರೇಫದ ಜೊತೆಗೆ ಎರಡು ವ್ಯಂಜನಗಳು ಸೇರಿವೆ. ಒಂದೇ ವ್ಯಂಜನದಷ್ಟು ಹಿಂದೆ ಹೋಗುವ ಪ್ರೋಗ್ರಾಮು ರೇಫವನ್ನು ಅವೆರಡರ ನಡುವೆ ತುರುಕಿ 'ಸಾಮಥ್ರ್ಯ' ಎಂದು ಬರೆಯುತ್ತದೆ. ಅಂತರ್ಜಾಲದ ಕನ್ನಡದಲ್ಲಿ ಈ ರೂಪವನ್ನು ಕಾಣದ ವಾಚಕರು ವಿರಳ. ಇದನ್ನು ಬರಹಗಾರನ ಅಜ್ಞಾನವೆಂದು ಬಗೆಯುವವರೂ ಉಂಟು. ಅನೇಕ ವೇಳೆ ಅದು ಯಂತ್ರಲಿಪಿಕಾರನ ಸ್ಖಾಲಿತ್ಯ.

ಸರಿಯಾಗಿ ಬರೆಯಬೇಕಾದರೆ, ವ್ಯಂಜನಗಳು ಹಲಂತದಿಂದ ಒಂದಕ್ಕೊಂದು ಕೂಡಿರುವವರೆಗೂ ಹಿಂದೆ ಹೋಗುತ್ತಲೇ ಇರಬೇಕು. ಇದಕ್ಕೆ ಒಂದು ಆವರ್ತನ ಹೆಚ್ಚು ಬೇಕು. ಆಗ ಸಂಖ್ಯೆ ನಾಲ್ಕಾಗುತ್ತದೆ. ಇಲ್ಲಿ ಗಮನಿಸತಕ್ಕ ಅಂಶ ಇದು: ತಪ್ಪಾದ ಪ್ರೋಗ್ರಾಮಿನ ಸಂಖ್ಯೆ ಮೂರು, ಸರಿಯಾದುದರ ಸಂಖ್ಯೆ ನಾಲ್ಕು. ಕಡಮೆ ಸಂಖ್ಯೆಯೇ ಉತ್ತಮವೆಂಬ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಿದವನು ತಪ್ಪಾದುದನ್ನೇ ಆರಿಸುತ್ತಾನೆ. ಅಳತೆಯು ಪ್ರೋಗ್ರಾಮನ್ನು ಅದರೊಳಗಣ ದಾರಿಗಳಿಂದ ಮಾತ್ರ ಅರಿಯುತ್ತದೆ. ಅದು ಯಾವ ಭಾಷೆಯ ಸೇವೆಯಲ್ಲಿದೆಯೆಂಬುದನ್ನು ಅರಿಯದು. ಲಿಪಿಯಲ್ಲಿಯೇ ಇರುವ ತೊಡಕು ಪ್ರೋಗ್ರಾಮಿನಲ್ಲಿ ಕಾಣಿಸಿಕೊಳ್ಳದಿದ್ದರೆ ಅದು ಸರಳತೆಯ ಲಕ್ಷಣವಾಗಲಾರದು, ಲೋಪದ ಲಕ್ಷಣವಾಗಬಹುದು.

೧೯೮೬ರಲ್ಲಿ ಫ್ರೆಡರಿಕ್ ಬ್ರೂಕ್ಸ್ ಅವರು ಮಾಡಿದ ವಿಭಾಗವು ಇಲ್ಲಿ ಉಪಕಾರಕ. ಕೆಲಸದ ಸ್ವಭಾವದಿಂದಲೇ ಬರುವ ಜಟಿಲತೆ ಒಂದು. ನಾವು ಆರಿಸಿಕೊಂಡ ಸಾಧನಗಳಿಂದ ಬರುವ ಆಗಂತುಕ ಜಟಿಲತೆ ಇನ್ನೊಂದು. ನಮ್ಮ ಪ್ರಸಂಗದಲ್ಲಿ ರೇಫವು ಉಚ್ಚಾರಣೆಯಲ್ಲಿ ಮೊದಲು, ಬರೆವಣಿಗೆಯಲ್ಲಿ ಕೊನೆಗೆ ಎಂಬುದು ಲಿಪಿಯ ಸ್ವಭಾವ; ಅದನ್ನು ಯಾರೂ ಇಲ್ಲವಾಗಿಸಲಾರರು. 'ಯ'ಕಾರವು ಸೊನ್ನೆಯಿಂದ ಆರಂಭವಾಗುವುದು ಆಗಂತುಕ. ಸಂಕೇತಗಳ ಸ್ಥಾನಗಳು ಮಿತವಾಗಿದ್ದ ಕಾಲದಲ್ಲಿ ಆಕಾರಗಳನ್ನು ಹಂಚಿಕೊಂಡು ಬಳಸಿದ್ದರ ಫಲ. ಆಗಂತುಕವಾದುದು ತಾನಾಗಿ ತೊಲಗುವುದೆಂದು ತಿಳಿಯುವಂತಿಲ್ಲ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡು ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿತು. ಆದರೆ ಹಳಗನ್ನಡದ 'ೞ'ಕಾರಕ್ಕೆ ಅಲ್ಲಿ ಇಂಗ್ಲಿಷಿನ ಎಫ್ ಧ್ವನಿಯ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ಕಟ್ಟುಪಾಡಿನಿಂದಾಗಿ ಆ ತಪ್ಪು ಹೆಸರು ಇಂದಿಗೂ ಉಳಿದಿದೆ. ಸರಿಯಾದ ಹೆಸರು ಪಕ್ಕದಲ್ಲಿ ಪರ್ಯಾಯವಾಗಿ ನಿಂತಿದೆ. ಶಾಸನಪಾಠಗಳನ್ನು ಸಂಸ್ಕರಿಸುವವನು ಇದನ್ನು ತಿಳಿದಿರಲೇಬೇಕು.

ಸಹಜವಾದ ಜಟಿಲತೆಯನ್ನು ಇಲ್ಲವಾಗಿಸಲಾಗದಿದ್ದರೂ ಅದಕ್ಕೆ ತಕ್ಕ ಮನೆಯನ್ನು ಕಟ್ಟಿಕೊಡಬಹುದು. ಮೇಲೆ ವಿವರಿಸಿದ ಪ್ರೋಗ್ರಾಮಿನ ತೊಡಕಿಗೆಲ್ಲ ಮೂಲ ಒಂದೇ: ಅದು ಬರೆದುದನ್ನು ಸಂಕೇತಗಳ ಉದ್ದನೆಯ ಸರವೆಂದು ಭಾವಿಸಿದೆ, ಆದುದರಿಂದ ಪ್ರತಿಯೊಂದು ಒತ್ತಿಗೂ ಹಿಂದೆ ಹೋಗಿ ಕಿತ್ತು ನೆಡಬೇಕಾಗಿದೆ. ಸರದ ಬದಲು ಅಕ್ಷರವನ್ನೇ ಘಟಕವಾಗಿ ಇಟ್ಟುಕೊಳ್ಳೋಣ. ಒಂದು ಅಕ್ಷರಕ್ಕೆ ಎರಡು ಅಂಗಗಳು: ವ್ಯಂಜನಗಳ ಒಂದು ಸಾಲು, ಒಂದು ಸ್ವರ. ಒತ್ತು ಬಂದರೆ ವ್ಯಂಜನದ ಸಾಲಿನ ಕೊನೆಗೆ ಸೇರಿಸು. ದೀರ್ಘ ಬಂದರೆ ಸ್ವರವನ್ನು ದೀರ್ಘಮಾಡು. ಅರ್ಕಾವೊತ್ತು ಬಂದರೆ ಸಾಲಿನ ಆದಿಯಲ್ಲಿ ರೇಫವನ್ನು ಇರಿಸು. ಅಕ್ಷರವು ಪೂರ್ಣವಾದ ಮೇಲೆ ಅದನ್ನು ಯೂನಿಕೋಡಿನ ಕ್ರಮದಲ್ಲಿ ಹೊರಗೆ ಬರೆ. ಹಿಂದೆ ಹುಡುಕುವ ಆವರ್ತನ ಮಾಯವಾಯಿತು. ಸ್ವರವನ್ನು ದಾಟುವ ನಿರ್ಣಯವೂ ಮಾಯವಾಯಿತು. ಅಕ್ಷರವೇ ಆರಂಭವಾಗಿರದಿದ್ದರೆ ದೋಷವೆಂದು ಹೇಳುವ ಒಂದು ನಿರ್ಣಯ ಮಾತ್ರ ಉಳಿಯಿತು. ಅರ್ಕಾವೊತ್ತಿನ ಕಾರ್ಯದ ಸಂಖ್ಯೆ ಈಗ ಎರಡು. 'ಸಾಮರ್ಥ್ಯ' ಸರಿ, 'ಸ್ತ್ರೀ' ಸರಿ.

ಮೂರು, ನಾಲ್ಕು, ಎರಡು: ತಪ್ಪಾದುದು, ಸರಿಯಾದುದು, ಸರಿಯಾಗಿಯೂ ಸರಳವಾಗಿಯೂ ಇರುವುದು. ಈ ಸಂಖ್ಯೆಗಳನ್ನು ಮಾತ್ರ ಕಂಡವನಿಗೆ ಇವುಗಳ ನಡುವಣ ಭೇದವು ತಿಳಿಯದು. ಮೂರರಿಂದ ನಾಲ್ಕಕ್ಕೆ ಏರುವಾಗ ಲಿಪಿಜ್ಞಾನವು ಪ್ರೋಗ್ರಾಮಿನೊಳಗೆ ಬಂದಿತು. ನಾಲ್ಕರಿಂದ ಎರಡಕ್ಕೆ ಇಳಿಯುವಾಗ ಅದೇ ಜ್ಞಾನವು ತನಗೆ ಹೊಂದುವ ಆಕೃತಿಯನ್ನು ಪಡೆಯಿತು. ಈ ಆಕೃತಿಯು ಹೊಸದಾಗಿ ಕಂಡುಹಿಡಿದುದೂ ಅಲ್ಲ. ಕಾಗುಣಿತವನ್ನೂ ಒತ್ತಕ್ಷರವನ್ನೂ ಕಲಿತ ಮಗುವಿಗೆ ಅಕ್ಷರವೆಂಬ ಘಟಕವು ಪರಿಚಿತವಾದುದೇ. ನಮ್ಮ ವೈಯಾಕರಣರು ಲಾಘವವನ್ನು ಗುಣವೆಂದೆಣಿಸಿದರು. ಅರ್ಧಮಾತ್ರೆಯ ಉಳಿತಾಯವೂ ಅವರಿಗೆ ಹಬ್ಬವಾಗಿತ್ತೆಂಬ ಪ್ರತೀತಿ ಉಂಟು. ಆದರೆ ಲಕ್ಷ್ಯಕ್ಕೆ ಹೊಂದದ ಸೂತ್ರವನ್ನು ಚಿಕ್ಕದೆಂಬ ಕಾರಣಕ್ಕಾಗಿ ಅವರು ಒಪ್ಪಲಿಲ್ಲ. ಮೊದಲು ವ್ಯಾಪ್ತಿ, ಬಳಿಕ ಲಾಘವ.

೬

ಕಮಾಂಡ್ ಲೈನಿನ ಪ್ರೋಗ್ರಾಮುಗಳಿಗೆ ವಿಶೇಷವಾದ ಇನ್ನೊಂದು ಜಟಿಲತೆಯಿದೆ. ಮೇಲಿನ ಮಾನಗಳು ಅದನ್ನು ಬಹಳ ಕಡಮೆಯಾಗಿ ತೂಗುತ್ತವೆ. ಆಜ್ಞೆಯ ಜೊತೆಗೆ ಸೇರಿಸುವ ಆಯ್ಕೆಗಳೇ ಅದು. ಇಂಗ್ಲಿಷನ್ನು ಹಾಗೆಯೇ ಉಳಿಸಬೇಕೆ, ಅಂಕಿಗಳನ್ನು ಕನ್ನಡಕ್ಕೆ ತಿರುಗಿಸಬೇಕೆ, ದೋಷ ಕಂಡಲ್ಲಿ ನಿಲ್ಲಬೇಕೆ, ಸಾಲುಗಳ ಮಧ್ಯದ ತೆರಪನ್ನು ತೆಗೆಯಬೇಕೆ, ಹಳೆಯ ಕಡತವನ್ನು ಕಾಪಾಡಬೇಕೆ ಎಂದು ಐದು ಆಯ್ಕೆಗಳಿವೆಯೆನ್ನೋಣ. ಮೆಕೇಬರ ಲೆಕ್ಕದಲ್ಲಿ ಇವು ಐದು ನಿರ್ಣಯಗಳು. ಸಂಖ್ಯೆ ಐದರಷ್ಟು ಏರುತ್ತದೆ. ಪ್ರಸ್ತಾರದ ಲೆಕ್ಕದಲ್ಲಾದರೋ ಐದಕ್ಷರಗಳ ಪಾದದಂತೆ ಮೂವತ್ತೆರಡು ಬಗೆಯ ನಡೆವಳಿಕೆಗಳು. ಮೂವತ್ತೆರಡನ್ನೂ ಪರೀಕ್ಷಿಸಿದವರು ಯಾರೂ ಇರುವುದಿಲ್ಲ. ಇದಕ್ಕೆ ಪರಿಹಾರವು ಆಯ್ಕೆಗಳನ್ನು ಚೆನ್ನಾಗಿ ಬರೆಯುವುದರಲ್ಲಿಲ್ಲ, ಅವನ್ನು ಬಿಟ್ಟುಕೊಡುವುದರಲ್ಲಿದೆ. ೧೯೭೩ರಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ಅವರ ಸಲಹೆಯಿಂದ ಯೂನಿಕ್ಸಿಗೆ ಬಂದ 'ಪೈಪ್' ಎಂಬ ಏರ್ಪಾಟು ಒಂದು ಪ್ರೋಗ್ರಾಮಿನ ಫಲವನ್ನು ಇನ್ನೊಂದಕ್ಕೆ ನೇರವಾಗಿ ಹರಿಸುತ್ತದೆ. ಅಂಕಿಗಳನ್ನು ತಿರುಗಿಸುವುದು, ತೆರಪನ್ನು ತೆಗೆಯುವುದು ಬೇರೆ ಪ್ರೋಗ್ರಾಮುಗಳ ಕೆಲಸವಾಗಲಿ. ಪರಿವರ್ತಕನು ಪರಿವರ್ತನೆಯನ್ನು ಮಾತ್ರ ಮಾಡಲಿ.

ಮೇಲಿನ ಆಯ್ಕೆಗಳಲ್ಲಿ ಮೊದಲನೆಯದು ಮಾತ್ರ ಹೀಗೆ ಬಗೆಹರಿಯುವಂಥದಲ್ಲ. ಹಳೆಯ ಫಾಂಟಿನಲ್ಲಿ 'ಕ'ಕಾರದ ಒಡಲೂ ಇಂಗ್ಲಿಷಿನ 'ಪಿ'ಯೂ ಒಂದೇ ಸಂಕೇತವೆಂದು ಹೇ­ಳಿದೆವಷ್ಟೆ. ಮೂಲ ಕಡತದಲ್ಲಿ ಯಾವ ಪದ ಯಾವ ಫಾಂಟಿನಲ್ಲಿದೆಯೆಂಬ ಗುರುತಿರುತ್ತದೆ; ಅದನ್ನು ಬರಿಯ ಪಠ್ಯವಾಗಿ ಉಳಿಸಿದೊಡನೆ ಆ ಗುರುತು ನಷ್ಟವಾಗುತ್ತದೆ. ನಷ್ಟವಾದ ಮೇಲೆ ಎಷ್ಟು ನಿರ್ಣಯಗಳನ್ನು ಪೇರಿಸಿದರೂ ಪ್ರೋಗ್ರಾಮು ಊಹಿಸಬಲ್ಲುದೇ ಹೊರತು ತಿಳಿಯಲಾರದು. ಇಲ್ಲಿ ಜಟಿಲತೆಯನ್ನು ಕಡಮೆಮಾಡುವ ಸ್ಥಳವು ಪ್ರೋಗ್ರಾಮಿನ ಹೊರಗಿದೆ: ಫಾಂಟಿನ ಗುರುತು ಉಳಿದಿರುವ ಮೂಲ ಕಡತವನ್ನೇ ಪರಿವರ್ತಕನ ಕೈಗೆ ಕೊಡುವುದು. ಮಾತೃಕೆಯನ್ನು ಬಿಟ್ಟು ನಕಲಿನ ನಕಲನ್ನು ಹಿಡಿದ ಸಂಪಾದಕನಿಗೆ ಎಂಥ ಪಾಂಡಿತ್ಯವೂ ಸಾಲದೆಂಬುದು ನಮಗೆ ಹೊಸ ಪಾಠವಲ್ಲ.

ಇಷ್ಟರಿಂದ ಅಳತೆಗಳೆಲ್ಲ ನಿರರ್ಥಕವೆಂಬ ಅಭಿಪ್ರಾಯ ಯಾರಿಗೂ ಬರಬಾರದು. ಮೆಕೇಬರ ಸಂಖ್ಯೆಯು ಎರಡು ಕೆಲಸಗಳನ್ನು ಚೆನ್ನಾಗಿ ಮಾಡುತ್ತದೆ. ಪ್ರೋಗ್ರಾಮಿನ ಯಾವ ಭಾಗವನ್ನು ಮೊದಲು ಓದಬೇಕೆಂಬುದನ್ನು ತೋರಿಸುತ್ತದೆ. ಆ ಭಾಗವನ್ನು ಪರೀಕ್ಷಿಸಲು ಕನಿಷ್ಠಪಕ್ಷ ಎಷ್ಟು ಉದಾಹರಣೆಗಳು ಬೇಕೆಂಬುದನ್ನು ಸೂಚಿಸುತ್ತದೆ. ವೈದ್ಯನಿಗೆ ಜ್ವರಮಾಪಕವಿದ್ದಂತೆ ಅದು. ಜ್ವರವಿಲ್ಲದ ರೋಗಗಳೂ ಇವೆಯೆಂಬುದನ್ನು ವೈದ್ಯನು ಮರೆಯಬಾರದು. ಮಾಪಕವನ್ನು ತಣ್ಣೀರಿನಲ್ಲಿಟ್ಟು ರೋಗಿಯು ಗುಣವಾದನೆಂದು ಹೇಳಲೂ ಬಾರದು.

ಸಂಶೋಧಕನಾದವನು ಅಳತೆಯ ಜೊತೆಗೆ ಕೇಳಬೇಕಾದುದು ಇಷ್ಟು. ಕೋಷ್ಟಕವನ್ನು ಪ್ರೋಗ್ರಾಮಿನಿಂದ ಪ್ರತ್ಯೇಕಿಸಿ ಓದಬಹುದಾಗಿದೆಯೆ? 'ಕರ್ನಾಟಕ', 'ಮೈಸೂರು', 'ಸ್ತ್ರೀ', 'ಸಾಮರ್ಥ್ಯ'ದಂಥ ಪದಗಳ ಪರೀಕ್ಷಾಪಟ್ಟಿಯು ಅದರ ಜೊತೆಗಿದೆಯೆ? ಪರಿವರ್ತಿಸಿದುದನ್ನು ಮತ್ತೆ ಹಳೆಯ ಸಂಕೇತಕ್ಕೆ ತಿರುಗಿಸಿ ಮೂಲದೊಡನೆ ಹೋಲಿಸಿದ್ದಾರೆಯೆ? ಈ ಕೊನೆಯ ಪರೀಕ್ಷೆಯು ಅಗ್ಗವಾದುದು, ಫಲಕಾರಿಯಾದುದು. 'ಸಾಮಥ್ರ್ಯ'ವನ್ನು ಹಿಂದಿರುಗಿಸಿದರೆ ಅರ್ಕಾವೊತ್ತಿನ ಬದಲು 'ರ'ಕಾರದ ಒತ್ತು ಬಂದು ತಪ್ಪು ತಾನಾಗಿ ಬಯಲಾಗುತ್ತದೆ. ತಿಳಿಯದ ಸಂಕೇತವು ಬಂದಲ್ಲಿ ಪ್ರೋಗ್ರಾಮು ಸುಮ್ಮನೆ ನುಂಗುತ್ತದೆಯೋ, ಸಾಲಿನ ಸಂಖ್ಯೆಯೊಡನೆ ವರದಿಮಾಡುತ್ತದೆಯೋ?

ಈ ಪ್ರಶ್ನೆಗಳು ಬರಿಯ ಕಾಗುಣಿತದ ಅಭಿಮಾನದಿಂದ ಹುಟ್ಟಿದವಲ್ಲ. ಮುಂದಿನ ತಲೆಮಾರಿನ ವಿದ್ಯಾರ್ಥಿಯು ಸಂಪುಟಗಳನ್ನು ಪುಟಪುಟವಾಗಿ ತಿರುವಿಹಾಕುವುದು ಕಡಮೆ. ಪದವನ್ನು ಕೊಟ್ಟು ಹುಡುಕಿಸುತ್ತಾನೆ. ಒಂದು ಊರಿನ ಹೆಸರಿನಲ್ಲಿಯೋ ಬಿರುದಿನಲ್ಲಿಯೋ ರೇಫವು ಸ್ಥಾನಪಲ್ಲಟವಾಗಿದ್ದರೆ ಯಂತ್ರವು 'ದೊರೆಯಲಿಲ್ಲ' ಎಂದು ಉತ್ತರ ಕೊಡುತ್ತದೆ. ದೊರೆಯಲಿಲ್ಲವೆಂಬುದು ಕಾಲಕ್ರಮದಲ್ಲಿ ಇರಲಿಲ್ಲವೆಂಬ ನಿರ್ಣಯವಾಗಿ ಪರಿಣಮಿಸುತ್ತದೆ. ಓಲೆಗರಿಯ ಲಿಪಿಕಾರನ ತಪ್ಪು ಒಂದು ಪ್ರತಿಯಲ್ಲಿರುತ್ತಿತ್ತು. ಇನ್ನೊಂದು ಪ್ರತಿಯಿಂದ ಅದನ್ನು ತಿದ್ದಬಹುದಾಗಿತ್ತು. ಯಂತ್ರಲಿಪಿಕಾರನ ತಪ್ಪು ಅವನ ಕೈ ಸೋಕಿದ ಎಲ್ಲ ಪ್ರತಿಗಳಲ್ಲಿಯೂ ಏಕರೂಪವಾಗಿರುತ್ತದೆ. ಹೋಲಿಸುವುದಕ್ಕೆ ಭಿನ್ನವಾದ ಪ್ರತಿಯೇ ಉಳಿಯುವುದಿಲ್ಲ. ಆದುದರಿಂದ ಪರಿವರ್ತನೆಗೊಂಡ ಪ್ರತಿಯೊಂದು ಪಠ್ಯದ ಜೊತೆಗೆ ಅದರ ಹಳೆಯ ಕಡತವನ್ನೂ, ಪರಿವರ್ತಿಸಿದ ಪ್ರೋಗ್ರಾಮಿನ ಹೆಸರನ್ನೂ ಆವೃತ್ತಿಯನ್ನೂ ಕಾಪಾಡತಕ್ಕದ್ದು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನ ಹೆಸರನ್ನೂ ಕಾಲವನ್ನೂ ಓದಿ ಗುರುತಿಟ್ಟುಕೊಳ್ಳುವ ಶಿಸ್ತು ನಮ್ಮಲ್ಲಿ ಇದ್ದೇ ಇದೆ. ಅದನ್ನು ಈ ಹೊಸ ಲಿಪಿಕಾರನಿಗೂ ಅನ್ವಯಿಸಬೇಕಾಗಿದೆ.